ಕರೆಂಟು ಹೋದ ಕೂಡಲೇ ಎಚ್ಚರವಾಗುತ್ತದೆ ಮಾರಾಯ

ಪ್ರೀತಿಯ ಗೆಳೆಯ,

ಊರಿಗೆ ಬಂದು ಮೂರು ತಿಂಗಳಾದರೂ ಒಂದು ಫೋನು ಮಾಡಲಿಲ್ಲ, ಬೈಯಬೇಡ. ಫೋನಿನಲ್ಲಿ ಎಲ್ಲರೂ ಕೇಳುವುದು ಒಂದೇ, ಪೆಂಗ್ವಿನ್ ನೋಡಿದೆಯಾ ಅಂತ. ಅಂಟಾರ್ಕ್ಟಿಕಾದಲ್ಲಿ ನಾನಿದ್ದ ಮೈತ್ರಿ, ಅಂದರೆ ನಮ್ಮ ದೇಶದ ಸಂಶೋಧನಾ ಕೇಂದ್ರ, ಇರುವುದು ಹಡಗು ನಿಲ್ಲುವ ಹಿಮದಂಚಿನಿಂದ ಸುಮಾರು 100 ಕಿಲೋಮೀಟರ್ ಒಳಗೆ. ಅಲ್ಲಿ ಪೆಂಗ್ವಿನ್ ಎಲ್ಲಿಂದ ಬರಬೇಕು? ಬೇಸಿಗೆಯಲ್ಲಿ ಸ್ಕುವಾ ಹಕ್ಕಿಗಳು ಬರುತ್ತಿದ್ದವು, ನಮ್ಮೂರ ಕಾಗೆಗಳ ಹಾಗೆಯೇ ಕಳ್ಳರು. ಇಷ್ಟು ಹೇಳಿದರೆ ಬದಿಯಡ್ಕ ಪೇಟೆಯಲ್ಲಿ ಎಲ್ಲರ ಮುಖ ಸಪ್ಪೆ.

ಈಗ ಪೆರ್ಲದಲ್ಲಿ ಜಡಿಮಳೆ. ಗಾಳಿ ಬೀಸಿದರೆ ಕರೆಂಟು ಹೋಗುವುದು ನಿನಗೆ ಗೊತ್ತೇ ಉಂಟಲ್ಲ. ಮನೆಯವರು ಸೊಳ್ಳೆ ಕಚ್ಚಿದ ಮೇಲೆ ಏಳುತ್ತಾರೆ, ನಾನು ಫ್ಯಾನಿನ ಸದ್ದು ನಿಂತ ಕೂಡಲೇ ಎದ್ದು ಕೂತಿರುತ್ತೇನೆ. ಮೈತ್ರಿಯಲ್ಲಿ ನಾನೇನು ವಿಜ್ಞಾನಿಯಲ್ಲ, ಜನರೇಟರ್ ನೋಡಿಕೊಳ್ಳುತ್ತಿದ್ದವನು. ಅದು ನಿಂತರೆ ಒಳಗೆ ಬಿಸಿ ಇಲ್ಲ, ಬಿಸಿ ಇಲ್ಲದಿದ್ದರೆ ಪ್ರಿಯದರ್ಶಿನಿ ಕೆರೆಯಿಂದ ನೀರು ಬರುವ ಪೈಪಿನೊಳಗೆ ಮಂಜುಗಟ್ಟುತ್ತದೆ, ಆಮೇಲೆ ಕುಡಿಯಲೂ ನೀರಿಲ್ಲ. ಚಳಿಗಾಲದಲ್ಲಿ ಸುಮಾರು ಎರಡು ತಿಂಗಳು ಸೂರ್ಯನೇ ಹುಟ್ಟುವುದಿಲ್ಲ, ಆಗಂತೂ ನಿದ್ದೆಯಲ್ಲೂ ಕಿವಿ ಆ ಗುಂಯ್ ಸದ್ದಿನ ಮೇಲೆಯೇ. ಮೊನ್ನೆ ಕರೆಂಟು ಹೋದಾಗ ಕತ್ತಲೆಯಲ್ಲಿ ಬೂಟು ಹುಡುಕುತ್ತಿದ್ದೆ. ಅಮ್ಮ ಟಾರ್ಚ್ ಹಿಡಿದು ಬಂದು, "ಕರೆಂಟು ಹೋದದ್ದಲ್ವಾ ಮಗಾ, ಅದಕ್ಕೆ ನೀನು ಎಲ್ಲಿಗೆ ಹೊರಟೆ?" ಅಂದರು. ಏನು ಹೇಳುವುದು, ಸುಮ್ನೆ ಹಲ್ಲು ಕಿರಿದೆ.

ಇಂಥವು ಇನ್ನೂ ಉಂಟು. ಅಲ್ಲಿ ಕಸ ಬಿಟ್ಟು ಬರುವಂತಿಲ್ಲ, ಬೇರೆ ಬೇರೆ ಮಾಡಿ ಕಟ್ಟಿಟ್ಟು ಹಡಗಿಗೆ ಹಾಕಬೇಕು. ಇಲ್ಲಿಗೆ ಬಂದ ಹೊಸತರಲ್ಲಿ ಹಲಸಿನ ಸಿಪ್ಪೆ ಕೈಯಲ್ಲಿ ಹಿಡಿದು, ಇದು ಯಾವ ಡಬ್ಬಕ್ಕೆ ಅಂತ ನಿಂತುಬಿಟ್ಟೆ. ದನ ಹಟ್ಟಿಯಿಂದ ನನ್ನನ್ನೇ ನೋಡುತ್ತಿತ್ತು. ತೋಟಕ್ಕೆ ಹೋಗುವಾಗಲೂ, ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ ಅಂತ ಅಮ್ಮನಿಗೆ ಹೇಳಿಯೇ ಹೋಗುತ್ತೇನೆ. ಈ ಒಂದು ಅಭ್ಯಾಸ ಮಾತ್ರ ಅವರಿಗೆ ಭಾರೀ ಇಷ್ಟವಾಗಿದೆ.

ನಮ್ಮನೆಯ ಸುರಂಗ ನೆನಪುಂಟಾ? ಚಿಕ್ಕಂದಿನಲ್ಲಿ ನಾವು ಬಾವಲಿ ನೋಡಲು ನುಗ್ಗುತ್ತಿದ್ದೆವಲ್ಲ, ಅದೇ. ಪಂಪು ಬೇಡ, ಕರೆಂಟು ಬೇಡ, ಗುಡ್ಡದೊಳಗಿಂದ ನೀರು ತನ್ನಷ್ಟಕ್ಕೆ ಇಳಿದು ಬರುತ್ತದೆ. ಅಜ್ಜನ ಕಾಲದ್ದು. ಒಂದು ದಿನವೂ ಅದನ್ನು ಸರಿಯಾಗಿ ನೋಡಿದವನಲ್ಲ ನಾನು. ಈಗ ರಾತ್ರಿ ಎಚ್ಚರವಾದರೆ ಕೊಡೆ ಹಿಡಿದು ಹಿತ್ತಿಲ ಟ್ಯಾಂಕಿಯ ಹತ್ತಿರ ಹೋಗುತ್ತೇನೆ. ನೀರು ಬೀಳುವುದನ್ನು ಕೈಯಿಟ್ಟು ನೋಡಿದ ಮೇಲೆಯೇ ಬಂದು ಮಲಗುವುದು.

ಮಳೆ ಬಿಡುವುದಕ್ಕೆ ಕಾಯಬೇಡ, ಒಮ್ಮೆ ಬಾ. ಹಲಸಿನ ಹಪ್ಪಳ ಉಂಟು.

ನಿನ್ನ ಗೆಳೆಯ