ಪ್ರಬಂಧದಲ್ಲಿ ಹೆಸರಿಲ್ಲದವರಿಗೆ

ಕಳೆದ ವಾರ ಎಂಡಿ ಫಲಿತಾಂಶ ಬಂತು. ಪಾಸಾಗಿದ್ದೇನೆ. ವಿಜಯಪುರದ ಚರ್ಮರೋಗ ವಿಭಾಗದಲ್ಲಿ ಕಳೆದ ಮೂರು ವರ್ಷಕ್ಕೆ ತೆರೆ ಬಿತ್ತು. ಬಂದವರಿಗೆಲ್ಲ ಅವ್ವ ಪೇಢೆ ಹಂಚುತ್ತಿದ್ದಾಳೆ. ನನಗೆ ಮಾತ್ರ ಒಂದು ಸಾಲ ತೀರಿಸದೆ ಉಳಿದಿದೆ ಅನ್ನಿಸುತ್ತಿದೆ.

ಪ್ರಬಂಧದ ಆರಂಭದಲ್ಲಿ ಕೃತಜ್ಞತೆಗೆಂದು ಒಂದು ಪುಟ ಇರುತ್ತದೆ. ಅದಕ್ಕೊಂದು ಸಂಪ್ರದಾಯವಿದೆ: ಪ್ರಾಚಾರ್ಯರು, ವಿಭಾಗದ ಮುಖ್ಯಸ್ಥರು, ಮಾರ್ಗದರ್ಶಕರು, ತಂದೆತಾಯಿ, ಕಟ್ಟಕಡೆಗೆ 'ಸಹಕರಿಸಿದ ಎಲ್ಲ ರೋಗಿಗಳು'. ನಾನು ಸೀನಿಯರ್ ಒಬ್ಬರ ಪುಟವನ್ನು ಹೆಸರು ಬದಲಿಸಿ ಇಳಿಸಿಕೊಂಡೆ. ಅವರೂ ಹಾಗೆಯೇ ಮಾಡಿದ್ದರು ಎಂಬುದು ಬೇರೆ ಮಾತು. ಬೈಂಡ್ ಆಗಿ ಬಂದ ಪ್ರತಿಯನ್ನು ತೆರೆದು ಓದಿದಾಗ ನಾಚಿಕೆಯಾಯಿತು. ರಕ್ತ ಕೊಟ್ಟವರು ಅರ್ಧ ಸಾಲಿನಲ್ಲಿ ಮುಗಿದುಹೋಗಿದ್ದರು. ಅವರ ಹೆಸರು ಬರೆಯುವಂತಿಲ್ಲ, ಸರಿ. ಸಂಶೋಧನೆಯಲ್ಲಿ ರೋಗಿ ಒಂದು ಸಂಖ್ಯೆಯಾಗಿಯೇ ಇರಬೇಕು. ಆದರೆ ಸಂಖ್ಯೆಗೂ ಕೈಮುಗಿಯಬಹುದಲ್ಲ.

ನನ್ನ ವಿಷಯ ಹೀಗಿತ್ತು: ಸೋರಿಯಾಸಿಸ್ ಇರುವವರ ರಕ್ತದಲ್ಲಿ ವಿಟಮಿನ್ ಡಿ ಎಷ್ಟು, ಇಲ್ಲದವರಲ್ಲಿ ಎಷ್ಟು, ರೋಗದ ತೀವ್ರತೆಗೂ ಅದಕ್ಕೂ ನಂಟುಂಟೇ. ಅಪ್ಪ ಕೇಳಿ ನಕ್ಕರು. "ಈ ಊರಲ್ಲಿ ನೀರಿಗೆ ಬರ ಬರಬಹುದು, ಬಿಸಿಲಿಗೆ ಬರವೇ?" ಅವರ ಪ್ರಶ್ನೆ ತಮಾಷೆಯದಾಗಿರಲಿಲ್ಲ. ವಿಟಮಿನ್ ಡಿ ತಯಾರಾಗುವುದೇ ಬಿಸಿಲಿನಲ್ಲಿರುವ ಯುವಿಬಿ ಎಂಬ ನೇರಳಾತೀತ ಕಿರಣ ಚರ್ಮದ ಮೇಲೆ ಬಿದ್ದಾಗ. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಜಿಲ್ಲೆಯಲ್ಲಿ ಅದಕ್ಕೆ ಕೊರತೆ ಏಕೆ ಬರಬೇಕು?

ಉತ್ತರ ನನಗೆ ಪುಸ್ತಕದಲ್ಲಿ ಸಿಗಲಿಲ್ಲ. ಒಂಬತ್ತನೆಯ ಸಂಖ್ಯೆಯ ಕಾಕಾ ತೋರಿಸಿಕೊಟ್ಟರು.

ಇಂಡಿ ಕಡೆಯವರು, ನಿಂಬೆ ಬೆಳೆಯುವವರು. ಮೇ ತಿಂಗಳ ಆ ಧಗೆಯಲ್ಲೂ ಉದ್ದ ತೋಳಿನ ಅಂಗಿ, ಮಣಿಕಟ್ಟಿನವರೆಗೆ ಗುಂಡಿ, ಕುತ್ತಿಗೆಗೆ ಸುತ್ತಿದ ಟವೆಲು. ಅಂಗಿ ಬಿಚ್ಚಲು ಹೇಳಿದೆ. ಬೆನ್ನು, ಮೊಣಕೈ ತುಂಬ ಬೆಳ್ಳಿಬಣ್ಣದ ಪದರ. ಆರೋಗ್ಯವಂತ ಚರ್ಮದ ಮೇಲ್ಪದರ ಹೊಸದಾಗಲು ಸುಮಾರು 28 ದಿನ ಬೇಕು. ಸೋರಿಯಾಸಿಸ್‌ನಲ್ಲಿ ನಾಲ್ಕೈದು ದಿನಕ್ಕೇ ಹೊಸ ಪದರ ಬಂದು ಹಳೆಯದರ ಮೇಲೆ ಒಟ್ಟುತ್ತದೆ. ಅಂಗಿ ಬಿಚ್ಚುವಾಗ ತೋಳಿನಿಂದ ಹೊಟ್ಟು ಉದುರಿತು. ನಾನು ಅಳತೆಯ ಹಾಳೆ ತುಂಬುತ್ತಿದ್ದೆ. ಕಾಕಾ ಕುಕ್ಕರಗಾಲಲ್ಲಿ ಕುಳಿತು, ನೆಲದ ಮೇಲಿನ ಹೊಟ್ಟನ್ನು ಟವೆಲಿನ ತುದಿಯಿಂದ ಕೂಡಿಸಿ, ಮಡಚಿ, ಜೇಬಿನಲ್ಲಿಟ್ಟುಕೊಂಡರು. "ಮನೆಯಲ್ಲಿ ಸೊಸೆ ಗುಡಿಸಬೇಕಾಗುತ್ತದೆಂದು ರೂಢಿಯಾಗಿದೆ ಬಾಯಿಯವರೇ" ಎಂದರು. ಹೊಲದಲ್ಲಿಯೂ ಅಂಗಿ ತೆಗೆಯುವುದಿಲ್ಲವೇ ಎಂದು ಕೇಳಿದೆ. "ಆಳುಗಳು ನೋಡುತ್ತಾರೆ."

ಬಿಸಿಲು ಎಲ್ಲಿ ತಪ್ಪುತ್ತಿದೆ ಎಂದು ಆಗ ಹೊಳೆಯಿತು. ಆಕಾಶದಲ್ಲಿ ಕೊರತೆಯಿರಲಿಲ್ಲ, ಜನರ ಕಣ್ಣಿಗೆ ಹೆದರಿದ ಬಟ್ಟೆ ಅದನ್ನು ತಡೆದಿತ್ತು. ಅಷ್ಟರಲ್ಲಿ ನಮ್ಮ ಮಾರ್ಗದರ್ಶಕರು ಬಂದು, ಕೈಗವಸಿಲ್ಲದ ಅಂಗೈಯನ್ನು ಅವರ ಬೆನ್ನಿನ ಮೇಲಿಟ್ಟು ಮಾತಾಡುತ್ತಾ ನಿಂತರು. ಸೋರಿಯಾಸಿಸ್ ಅಂಟುವ ರೋಗವಲ್ಲ ಎಂದು ನಾನು ಹತ್ತು ನಿಮಿಷ ಹೇಳಿದ್ದೆ. ಕಾಕಾ ನಂಬಿದ್ದು ಆ ಕೈಯನ್ನು. ಸರ್, ಪ್ರಬಂಧದಲ್ಲಿ ನಿಮ್ಮ 'ಅಮೂಲ್ಯ ಮಾರ್ಗದರ್ಶನ'ಕ್ಕೆ ಧನ್ಯವಾದ ಹೇಳಿದ್ದೇನೆ. ನನ್ನ ಮನಸ್ಸಿನಲ್ಲಿದ್ದದ್ದು ಆ ಅಂಗೈ.

ಎಳೆಬಿಸಿಲಿಗೆ ಮೈಯೊಡ್ಡಿ ಎಂದು ನಾನೂ ಎಲ್ಲರಂತೆ ಹೇಳುತ್ತಿದ್ದೆ. ಆ ತಪ್ಪು ತಿದ್ದಿದವರೂ ಸರ್ ಅವರೇ. ಸೂರ್ಯ ಕೆಳಗಿರುವಾಗ ಯುವಿಬಿ ನಮ್ಮನ್ನು ತಲುಪುವುದು ಅತ್ಯಲ್ಪ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತು ಬೇಕು. ಇದನ್ನು ಕಾಕಾಗೆ ಹೇಗೆ ವಿವರಿಸುವುದೆಂದು ಚಿತ್ರ ಬರೆಯಲು ಕುಳಿತೆ. ಅವರು ಅರ್ಧ ಚಿತ್ರಕ್ಕೇ ತಡೆದು, "ಅಂದರೆ ಹೊಲಕ್ಕೆ ಬುತ್ತಿ ಬರುವ ಹೊತ್ತು" ಎಂದರು. ಅಷ್ಟೇ. ಆಮೇಲೆ ನಾನು ಎಲ್ಲರಿಗೂ ಬುತ್ತಿಯ ಹೊತ್ತೆಂದೇ ಹೇಳಿದೆ, ಹೆಚ್ಚು ಹೊತ್ತು ಬೇಡ ಎಂದೂ ಸೇರಿಸಿದೆ: ಚರ್ಮ ಸುಟ್ಟರೆ ಸುಟ್ಟ ಜಾಗದಲ್ಲೇ ಹೊಸ ಮಚ್ಚೆ ಏಳಬಹುದು.

ಒಪ್ಪಿಗೆ ಪತ್ರದ ಕನ್ನಡಕ್ಕಾಗಿ ನಮ್ಮ ವಾರ್ಡಿನ ಆಯಾ ಅವ್ವನಿಗೆ ಋಣಿ. ನಾನು ಬರೆದಿದ್ದ ವಾಕ್ಯ: 'ತಾವು ಯಾವುದೇ ಹಂತದಲ್ಲಿ ಅಧ್ಯಯನದಿಂದ ಹಿಂದೆ ಸರಿಯುವ ಸಂಪೂರ್ಣ ಸ್ವಾತಂತ್ರ್ಯ ಹೊಂದಿರುತ್ತೀರಿ.' ಓದಿ ಹೇಳಿದಾಗ ಅವ್ವ ಕೇಳಿದ್ದು ಒಂದೇ ಪ್ರಶ್ನೆ: "ಸರಿದರೆ ಔಷಧಿ ನಿಲ್ಲಿಸುತ್ತೀರಾ?" ನೈತಿಕ ಸಮಿತಿ ಕೇಳುವುದನ್ನೆಲ್ಲ ಬರೆದಿದ್ದೆ, ರೋಗಿ ಕೇಳುವುದನ್ನು ಮೂರನೆಯ ಪುಟದ ತಳಕ್ಕೆ ತಳ್ಳಿದ್ದೆ. 'ಬೇಡವೆಂದರೂ ನಿಮ್ಮ ಔಷಧಿ, ಚಿಕಿತ್ಸೆ ನಿಲ್ಲುವುದಿಲ್ಲ' ಎಂಬುದು ಮೊದಲ ಸಾಲಾಯಿತು. ಹೆಬ್ಬೆಟ್ಟು ಒತ್ತುವವರು ಅದನ್ನು ಕೇಳಿ ಹಗುರಾಗುವುದನ್ನು ಎಷ್ಟು ಸಲ ನೋಡಿದ್ದೇನೋ.

ರೋಗಿಗಳಿಗಿಂತ ಕಷ್ಟವಾದದ್ದು ರೋಗವಿಲ್ಲದವರನ್ನು ಹುಡುಕುವುದು. ಹೋಲಿಸಲು ಅದೇ ವಯಸ್ಸಿನ ಆರೋಗ್ಯವಂತರು ಬೇಕು, ಅವರೂ ರಕ್ತ ಕೊಡಬೇಕು. ತನಗೇನೂ ಆಗಿಲ್ಲದಿರುವಾಗ ಸೂಜಿ ಚುಚ್ಚಿಸಿಕೊಳ್ಳುವವರು ಯಾರು? ಗೇಟಿನ ಕಾವಲುಗಾರ ಮಾಮಾ ಆ ಕೆಲಸ ಹಿಡಿದರು. ಮೊದಲು ತಮ್ಮದೇ ತೋಳು ಚಾಚಿದರು, ಆಮೇಲೆ ಬೇರೆ ವಾರ್ಡಿನ ರೋಗಿಗಳನ್ನು ನೋಡಲು ಬಂದವರಿಗೆ, "ಚಹಾದ ಒಂದು ಚಮಚದಷ್ಟು ರಕ್ತ, ಪುಕ್ಕಟೆ ತಪಾಸಣೆ" ಎಂದು ಹೇಳಿ ಕಳುಹಿಸುತ್ತಿದ್ದರು. ಒತ್ತಾಯ ಮಾಡಬಾರದು ಮಾಮಾ ಎಂದರೆ, "ನಾನು ಒತ್ತಾಯ ಮಾಡಿದರೆ ಗೊತ್ತಾಗುತ್ತದೆ, ಇದು ಒತ್ತಾಯ ಅಲ್ಲ" ಎನ್ನುತ್ತಿದ್ದರು. ಅದಕ್ಕೇ ನಾನು ಒಪ್ಪಿಗೆ ಪತ್ರವನ್ನು ಅವರಿಲ್ಲದ ಕೋಣೆಯಲ್ಲಿ ಮತ್ತೊಮ್ಮೆ ಓದಿ ಹೇಳುತ್ತಿದ್ದೆ.

ಹೆಂಗಸರಿಗೆ ಕೇಳಲು ನನಗೇ ಸಂಕೋಚವಾದ ಪ್ರಶ್ನೆಗಳನ್ನು ಬಾಗಿಲು ಮುಚ್ಚಿ ಕೇಳಿಕೊಟ್ಟ ಸಿಸ್ಟರ್, ಏಪ್ರಿಲ್‌ನ ಒಂದು ರಾತ್ರಿ ಫ್ರೀಜರ್ ಕೈಕೊಟ್ಟಾಗ ಕ್ವಾರ್ಟರ್ಸಿನಿಂದ ಹವಾಯಿ ಚಪ್ಪಲಿಯಲ್ಲೇ ಓಡಿಬಂದು ಕೊಳವೆಗಳನ್ನು ಐಸ್ ಪೆಟ್ಟಿಗೆಗೆ ಸಾಗಿಸಿದ ಲ್ಯಾಬ್ ಅಣ್ಣ, ನಿಮ್ಮಿಬ್ಬರಿಗೂ ಶರಣು.

ಇನ್ನು ನನ್ನ ತಪ್ಪಿನ ಕತೆ. ಒಂದು ದಿನ ಹೊರರೋಗಿ ವಿಭಾಗದ ಗದ್ದಲದಲ್ಲಿ ಎರಡು ಕೊಳವೆಗಳ ಚೀಟಿ ಅದಲುಬದಲಾಯಿತೋ ಇಲ್ಲವೋ ಎಂಬ ಅನುಮಾನ ಬಂತು. ಅನುಮಾನ ಬಂದ ಮೇಲೆ ಆ ರಕ್ತ ಉಪಯೋಗಕ್ಕಿಲ್ಲ. ಇಬ್ಬರಲ್ಲಿ ಒಬ್ಬರು ಊರಲ್ಲೇ ಇದ್ದರು. ಇನ್ನೊಬ್ಬರು ಸಿಂದಗಿ ಕಡೆಯ ಅಕ್ಕ, ಕೂಲಿಯವರು. ಫೋನಿನಲ್ಲಿ ತಪ್ಪು ನನ್ನದೆಂದು ಹೇಳಿದೆ. ಮರುದಿನ ಬಂದರು. ಪ್ರಯಾಣದ ಖರ್ಚು ಕೊಡುತ್ತೇವೆಂದು ಪತ್ರದಲ್ಲಿ ಬರೆದಿದ್ದೆವಲ್ಲ, ಹಣ ಮುಂದೆ ಹಿಡಿದೆ. ಅಕ್ಕ ಸೆರಗಿನ ಗಂಟು ಬಿಚ್ಚಿ ಬಸ್ ಟಿಕೆಟ್ ತೆಗೆದು ಮೇಜಿನ ಮೇಲಿಟ್ಟರು. ಶಕ್ತಿ ಯೋಜನೆಯದು, ಸೊನ್ನೆ ರೂಪಾಯಿ. "ಇದಕ್ಕೆ ಎಷ್ಟು ಕೊಡುತ್ತೀ ತಂಗಿ?" ನಗುವೋ ಸಿಟ್ಟೋ ತಿಳಿಯಲಿಲ್ಲ. ಆ ದಿನದ ಕೂಲಿ ಹೋಗಿತ್ತಲ್ಲ, ಅದಕ್ಕೆ ನಮ್ಮ ಪತ್ರದಲ್ಲಿ ಕಲಮೇ ಇರಲಿಲ್ಲ. ಕೊನೆಗೆ ಊಟ ಮಾಡಿಸಿದೆ, ಕೂಲಿಯಷ್ಟು ಹಣ ನನ್ನ ಪರ್ಸಿನಿಂದ ಕೊಟ್ಟೆ. ತೆಗೆದುಕೊಂಡರು. ತೆಗೆದುಕೊಂಡದ್ದಕ್ಕೂ ಋಣಿ, ಅಕ್ಕ.

ಫಲಿತಾಂಶ ಏನಾಯಿತೆಂದು ನೀವು ಕೇಳಬೇಕು, ಹೇಳುವುದು ನನ್ನ ಕರ್ತವ್ಯ. ಸೋರಿಯಾಸಿಸ್ ಇರುವವರಲ್ಲಿ ವಿಟಮಿನ್ ಡಿ ಕಡಿಮೆಯಿತ್ತು. ಆದರೆ ರೋಗವಿಲ್ಲದವರಲ್ಲೂ ಬಹಳ ಮಂದಿಗೆ ಕಡಿಮೆಯೇ ಇತ್ತು. ಒಂದು ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ಕೊರತೆ ಎನ್ನುತ್ತೇವೆ, ಗೇಟಿನ ಮಾಮಾ ಕೂಡ ಆ ಗೆರೆಯ ಕೆಳಗಿದ್ದರು (ಹೇಳಲು ಅವರೇ ಒಪ್ಪಿದ್ದಾರೆ, ಹೆಮ್ಮೆಯಿಂದ). ರೋಗದ ತೀವ್ರತೆಯೊಂದಿಗೆ ಸ್ಪಷ್ಟ ನಂಟು ಕಾಣಲಿಲ್ಲ. ನನಗೆ ನಿರಾಸೆಯಾಗಿತ್ತು. "ಬಂದದ್ದನ್ನು ಬರೆ" ಎಂದರು ಸರ್. ಕೊರತೆಯಿಂದ ರೋಗವೋ, ರೋಗದಿಂದ ಮುಚ್ಚಿಕೊಂಡು ಕೊರತೆಯೋ, ಒಂದೇ ಸಲ ರಕ್ತ ತೆಗೆದ ಅಧ್ಯಯನ ಅದನ್ನು ಹೇಳಲಾರದು. ಆದ್ದರಿಂದ ದಯವಿಟ್ಟು ಯಾರೂ ಅಂಗಡಿಯಿಂದ 60,000 ಯೂನಿಟ್ಟಿನ ಪೊಟ್ಟಣ ತಂದು ದಿನವೂ ನುಂಗಬೇಡಿ. ಅದು ವಾರಕ್ಕೊಂದರ ಲೆಕ್ಕದ್ದು, ವೈದ್ಯರು ಹೇಳಿದಷ್ಟು ವಾರ ಮಾತ್ರ. ಮಿತಿ ಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಕುತ್ತು.

ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ ಒಂದು ಸಂಗತಿ ಇದೆ. 1985ರಲ್ಲಿ ಜಪಾನಿನ ಒಸಾಕಾದಲ್ಲಿ ಮೂಳೆ ಸವೆತಕ್ಕೆಂದು ವಿಟಮಿನ್ ಡಿ ಬಗೆಯ ಔಷಧಿ ತೆಗೆದುಕೊಳ್ಳುತ್ತಿದ್ದ ರೋಗಿಯೊಬ್ಬರ ಸೋರಿಯಾಸಿಸ್ ವಾಸಿಯಾಯಿತು. ಮೊರಿಮೊಟೊ ಮತ್ತು ಕುಮಹಾರ ಎಂಬ ವೈದ್ಯರು ಅದನ್ನು ಬರೆದರು. ಇಂದು ನಮ್ಮ ಔಷಧಾಲಯದಲ್ಲಿ ಸಿಗುವ ಕ್ಯಾಲ್ಸಿಪೊಟ್ರಿಯಾಲ್ ಮುಲಾಮು ಅದೇ ಬಳಗದ್ದು. ಒಂಬತ್ತನೆಯ ಕಾಕಾ ಮೊಣಕೈಗೆ ಹಚ್ಚುವುದೂ ಅದನ್ನೇ. ವೈದ್ಯರ ಹೆಸರು ಎಲ್ಲರಿಗೂ ಗೊತ್ತು, ಪುಸ್ತಕಗಳಲ್ಲಿದೆ. ಆ ರೋಗಿಯ ಹೆಸರು ಎಲ್ಲೂ ಇಲ್ಲ. ಅವರಿಗೂ ಇಲ್ಲಿಂದಲೇ ನಮಸ್ಕಾರ.

ಒಂದು ವಿನಂತಿ. ವರದಿ ಒಯ್ಯದವರು ಇನ್ನೂ ಕೆಲವರಿದ್ದೀರಿ. ನಾನು ಈ ತಿಂಗಳ ಕೊನೆಯವರೆಗೆ ಇಲ್ಲೇ ಇರುತ್ತೇನೆ. ಬೆಳಿಗ್ಗೆ ಬನ್ನಿ, ಹೊಸ ಚೀಟಿ ಮಾಡಿಸಬೇಡಿ, ಸರದಿಯಲ್ಲೂ ನಿಲ್ಲಬೇಡಿ. ಹೆಸರು ಹೇಳುವುದು ಬೇಡವೆನ್ನಿಸಿದರೆ ನಿಮ್ಮ ಸಂಖ್ಯೆ ಹೇಳಿ. ಅದೂ ನೆನಪಿಲ್ಲದಿದ್ದರೆ ಗೇಟಿನ ಮಾಮಾ ನಿಮ್ಮ ಮುಖ ನೋಡಿಯೇ ಒಳಗೆ ಕಳುಹಿಸುತ್ತಾರೆ.