ಹೊಸ ಉಪಕರಣ: ಬೆಲೆಗೂ ಮೊದಲು ಗುಣ ನೋಡಿ

ಮಾನ್ಯ ಸಂಪಾದಕರೇ,

ಆಸ್ಪತ್ರೆಗೆ ಹೊಸದೇನು ಬಂದರೂ ದಾಸ್ತಾನು ಪುಸ್ತಕದಲ್ಲಿ ಔಷಧಿ, ಉಪಕರಣ ಅಥವಾ ಬಳಸಿ ಬಿಸಾಡುವ ಸಾಮಗ್ರಿ ಎಂದು ಬರೆದುಕೊಳ್ಳುತ್ತಾರೆ. ಲೆಕ್ಕಕ್ಕೆ ಅಷ್ಟು ಸಾಕು. ಆದರೆ ಔರಾದ್‌ನದೋ ಸುರಪುರದ್ದೋ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ವರ್ಷ ಕಳೆದ ಮೇಲೂ ಬಳಕೆಯಲ್ಲಿರುತ್ತದೆಯೇ ಎಂಬುದು ಈ ವಿಂಗಡಣೆಯಿಂದ ತಿಳಿಯದು. ಅದು ದಿನವೂ ಏನು ಬೇಡುತ್ತದೆ, ಯಾರ ಕೆಲಸ ಬದಲಿಸುತ್ತದೆ, ಕೆಟ್ಟರೆ ಕಣ್ಣಿಗೆ ಕಾಣುತ್ತದೆಯೇ ಎಂದು ಕೇಳಿ ವಿಂಗಡಿಸಬೇಕು.

ಏನೂ ಬೇಡದ ಜಾತಿಗೆ ಉದಾಹರಣೆ, 1996ರಲ್ಲಿ ಪೋಲಿಯೊ ಲಸಿಕೆಯ ಸೀಸೆಗೆ ಬಂದ ವಿವಿಎಂ, ಅಂದರೆ ಲಸಿಕೆಗೆ ಬಿಸಿ ತಾಗಿದ್ದನ್ನು ತೋರಿಸುವ ಗುರುತು. ವೃತ್ತದೊಳಗಿನ ಚೌಕ ಬಿಸಿಗೆ ಕಪ್ಪಾಗುತ್ತ ಹೋಗುತ್ತದೆ; ವೃತ್ತದ ಬಣ್ಣಕ್ಕೆ ಸಮವಾದರೆ ಆ ಸೀಸೆ ಬಳಸುವಂತಿಲ್ಲ. ಕರೆಂಟ್ ಬೇಡ, ರಿಪೇರಿ ಬೇಡ. ಆದರೂ ಒಂದು ಮಿತಿಯಿದೆ: ಅದು ಬಿಸಿಯನ್ನು ತೋರಿಸುತ್ತದೆ, ಹೆಪ್ಪುಗಟ್ಟಿದ್ದನ್ನು ತೋರಿಸುವುದಿಲ್ಲ. ಗಟ್ಟಿ ಐಸ್‌ಪ್ಯಾಕ್‌ಗೆ ತಾಗಿ, ಐದು ರೋಗ ತಡೆಯುವ ಪೆಂಟಾವೇಲೆಂಟ್ ಲಸಿಕೆ ಹೆಪ್ಪುಗಟ್ಟಿ ಹಾಳಾಗಿದ್ದರೂ ಗುರುತು ಬೆಳ್ಳಗೇ ಇರುತ್ತದೆ. ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಬರುವವರೆಗೆ ಐಸ್‌ಪ್ಯಾಕ್ ಹೊರಗಿಟ್ಟು, ಆಮೇಲಷ್ಟೇ ಲಸಿಕೆ ಪೆಟ್ಟಿಗೆಗೆ ಹಾಕಬೇಕು.

ಇದಕ್ಕೆ ತೀರ ವಿರುದ್ಧ ಜಾತಿಯದು ಆಕ್ಸಿಜನ್ ಕಾನ್ಸಂಟ್ರೇಟರ್. ಗಾಳಿಯಲ್ಲಿರುವ ನೈಟ್ರೋಜನ್ ಅನ್ನು ಜಿಯೋಲೈಟ್ ಹರಳುಗಳು ಹಿಡಿದಿಟ್ಟುಕೊಂಡು, ಸುಮಾರು ಶೇ 93ರಷ್ಟು ಶುದ್ಧ ಆಮ್ಲಜನಕ ಹೊರಬಿಡುತ್ತವೆ. 5 ಲೀಟರ್ ಯಂತ್ರಕ್ಕೆ ಸುಮಾರು 350 ವಾಟ್ ವಿದ್ಯುತ್ ಬೇಕು. ತೊಗರಿ ರಾಶಿಯ ದಿನಗಳ ದೂಳು ಫಿಲ್ಟರ್ ಕಟ್ಟಿಸುತ್ತದೆ, ಕಂಪ್ರೆಸರ್ ಕಾಯುತ್ತದೆ. ತಿಂಗಳುಗಟ್ಟಲೆ ಮೂಲೆಯಲ್ಲಿಟ್ಟರೆ ಜಿಯೋಲೈಟ್ ತೇವ ಹೀರಿ ಶುದ್ಧತೆ ಇಳಿಯುತ್ತದೆ. ಆಗಲೂ ಗಾಜಿನ ಕೊಳವೆಯೊಳಗಿನ ಗುಂಡು 5 ಲೀಟರ್ ಎಂದೇ ತೋರಿಸುತ್ತದೆ! ಹರಿವು ಕಾಣುತ್ತದೆ, ಶುದ್ಧತೆ ಕಾಣುವುದಿಲ್ಲ, ಅಪಾಯವೆಲ್ಲ ಇಲ್ಲೇ. ಶುದ್ಧತೆ ಅಳೆಯುವ ಮೀಟರ್ ಇಲ್ಲದೆ ಈ ಯಂತ್ರ ಕೊಳ್ಳಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಶೇ 82ಕ್ಕಿಂತ ಕೆಳಗಿಳಿದರೆ ಯಂತ್ರವನ್ನು ಬದಿಗಿಡಬೇಕು. ಹೊರಗಿನ ಸ್ಪಂಜಿನ ಫಿಲ್ಟರನ್ನು ವಾರಕ್ಕೊಮ್ಮೆ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಬೇಕು. ಸ್ಟೆಬಿಲೈಸರ್ ಇರಬೇಕು, ಕರೆಂಟ್ ಹೋದ ಕ್ಷಣಕ್ಕೆ ಪಕ್ಕದಲ್ಲೇ ತುಂಬಿದ ಸಿಲಿಂಡರ್ ಇರಬೇಕು. ಆನೆ ಕೊಂಡ ಮೇಲೆ ಅಂಕುಶಕ್ಕೆ ಹಿಂದೆಮುಂದೆ ನೋಡಿದರೆ ನಡೆಯದು.

ಮೂರನೆಯ ಜಾತಿಯಲ್ಲಿ ಕೊಳ್ಳುವಂಥದ್ದು ಹೆಚ್ಚೇನೂ ಇಲ್ಲ. ಕಡಿಮೆ ತೂಕದ ಕೂಸಿಗೆ ಟೋಪಿ, ಕಾಲುಚೀಲ ಹಾಕಿ, ತಾಯಿಯ ಬರಿ ಎದೆಗೆ ನೇರವಾಗಿ ಒರಗಿಸಿ ಬಟ್ಟೆಯಿಂದ ಕಟ್ಟುವ ಕಾಂಗರೂ ಆರೈಕೆ. ಉಸಿರಾಟಕ್ಕೆ ಅಡ್ಡಿಯಾಗದಂತೆ ಕೂಸಿನ ಕತ್ತು ತುಸು ಹಿಂದಕ್ಕೆ ಚಾಚಿರಬೇಕು. ದಿನಕ್ಕೆ ಕನಿಷ್ಠ 8 ಗಂಟೆ ಹೀಗಿರಬೇಕು. 1ರಿಂದ 1.8 ಕೆ.ಜಿ. ತೂಕದ ಶಿಶುಗಳಿಗೆ, ಸ್ಥಿತಿ ಸುಧಾರಿಸಲೆಂದು ಕಾಯದೆ ಹುಟ್ಟಿದ ಕೂಡಲೇ ಇದನ್ನು ಆರಂಭಿಸಿದರೆ ಸಾವು ಶೇ 25ರಷ್ಟು ತಗ್ಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ 2021ರಲ್ಲಿ ತೋರಿಸಿತು. ಇದಕ್ಕೆ ಶಿಶು ಘಟಕದೊಳಗೇ ಬಾಣಂತಿಗೆ ಹಾಸಿಗೆ ಬೇಕು. ಆಕೆ ದಣಿದಾಗ ಕೂಸನ್ನು ಎದೆಗೆ ಒರಗಿಸಿಕೊಳ್ಳಲು ಗಂಡನನ್ನೋ ಅತ್ತೆಯನ್ನೋ ಒಳಗೆ ಬಿಡಬೇಕು. ಬದಲಾಗಬೇಕಾದದ್ದು ವಾರ್ಡಿನ ಪದ್ಧತಿ. ಟೆಂಡರ್ ಕರೆದರೆ ಅದು ಬರುವುದಿಲ್ಲ.

ಹಣ ಇಲಾಖೆಯದಿರಲಿ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯದಿರಲಿ, ಖರೀದಿ ಪ್ರಸ್ತಾವದಲ್ಲೇ ಕೆಲವು ವಿವರ ಕಡ್ಡಾಯವಾಗಬೇಕು: ದಿನಕ್ಕೆಷ್ಟು ವಿದ್ಯುತ್, ತಿಂಗಳಿಗೆ ಬೇಕಾಗುವ ಬಿಡಿಭಾಗ ಎಲ್ಲಿ ಸಿಗುತ್ತದೆ, ಕಲಿತ ಶುಶ್ರೂಷಕಿಗೆ ವರ್ಗವಾದರೆ ಮುಂದೆ ಯಾರು, ಕೆಟ್ಟರೆ ಎಷ್ಟು ದಿನದಲ್ಲಿ ರಿಪೇರಿ. ಮೂರೂ ಜಿಲ್ಲೆಗೆ ಹಂಚುವ ಮುನ್ನ ಕಲಬುರಗಿ, ಬೀದರ್, ಯಾದಗಿರಿಯ ಒಂದೊಂದು ಕೇಂದ್ರದಲ್ಲಿ ಒಂದು ಬೇಸಿಗೆಯಾದರೂ ನಡೆಸಿ ನೋಡಿ. ಎಷ್ಟೋ ಯಂತ್ರಗಳ ಮೇಲೆ 40 ಡಿಗ್ರಿವರೆಗೆ ಎಂದು ಬರೆದಿರುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ಅದನ್ನು ದಾಟುತ್ತದೆ.

– ವೈದ್ಯಕೀಯ ಉಪಕರಣ ನಿರ್ವಹಣಾ ತಂತ್ರಜ್ಞರು, ಕಲಬುರಗಿ