ಕಾಸರಗೋಡಿನ ರಿಪೇರಿ ಅಂಗಡಿಯ ಅಣ್ಣನಿಗೆ

ಅಣ್ಣಾ, ಅವತ್ತು ನಿಮ್ಮ ಹೆಸರು ಕೇಳಲು ಮರೆತೇಬಿಟ್ಟೆ. ಕಾಸರಗೋಡು ಹೊಸ ಬಸ್ ಸ್ಟ್ಯಾಂಡ್ ಹತ್ತಿರದ ನಿಮ್ಮ ಅಂಗಡಿಗೆ, ಜೋರು ಮಳೆಯಲ್ಲಿ, ಮಗನ ರಿಮೋಟ್ ಕಾರಿನ ಬ್ಯಾಟರಿ ಹಿಡಿದು ಬಂದವನು ನಾನು. ಹಳೇ ಕನೆಕ್ಟರ್ ತೆಗೆದು ಎಕ್ಸ್‌ಟಿ60 ಅನ್ನುವ ಬೇರೆ ಬಗೆಯ ಕನೆಕ್ಟರ್ ಹಾಕಬೇಕಿತ್ತು.

ನಾನು ಎರಡೂ ವೈರನ್ನು ಒಟ್ಟಿಗೆ ಕಟ್ಟರಿಗೆ ಕೊಟ್ಟಿದ್ದೆ. ನೀವು ತಟ್ಟನೆ ಕೈ ಹಿಡಿದಿರಿ. "ನಿಲ್ಲಿ ಮಾರಾಯ್ರೇ, ಒಂದೊಂದೇ ಕತ್ತರಿಸಬೇಕು. ಕಟ್ಟರಿನ ಬಾಯಲ್ಲೇ ಶಾರ್ಟ್ ಆಗ್ತದೆ!" ಅದು 3 ಸೆಲ್‌ನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, ಫುಲ್ ಚಾರ್ಜಿನಲ್ಲಿ 12.6 ವೋಲ್ಟ್. ವೋಲ್ಟ್ ಕಡಿಮೆ ಅಲ್ವಾ ಅಂದುಕೊಂಡಿದ್ದೆ. ಶಾರ್ಟ್ ಆದರೆ ಬೆಂಕಿ ಹತ್ತುವಷ್ಟು ಕರೆಂಟ್ ಹರಿಯುತ್ತದೆ ಅಂತ ನೀವೇ ಹೇಳಿದ್ದು.

ಆಮೇಲೆ ನಿಮ್ಮ ಕೈಕೆಲಸ ನೋಡುತ್ತಾ ನಿಂತೆ. ಕಪ್ಪು ವೈರಿನ ತುದಿಗೆ ಟೇಪ್. ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಟ್ಯೂಬನ್ನು ಮೊದಲೇ ವೈರಿಗೆ ತೂರಿಸಿದಿರಿ. ಕನೆಕ್ಟರಿಗೆ ಅದರ ಜೋಡಿಯನ್ನು ಸಿಕ್ಕಿಸಿಟ್ಟೇ ಸೋಲ್ಡರ್ ಮಾಡಿದಿರಿ, ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾದರೂ ಪಿನ್ ವಾಲಬಾರದು ಅಂತ. ಪ್ಲಾಸ್ಟಿಕ್ ಮೇಲಿನ ಸಣ್ಣ ಪ್ಲಸ್ ಗುರುತನ್ನು ಮಗನಿಗೆ ಟಾರ್ಚ್ ಹಿಡಿದು ತೋರಿಸಿದಿರಿ. ಟ್ಯೂಬಿನ ದುಡ್ಡು ಬಿಟ್ಟು ಬೇರೇನೂ ತೆಗೆದುಕೊಳ್ಳಲಿಲ್ಲ.

ಮಗನ ಕೈ ಸುಡದಂತೆ ಕಾಪಾಡಿದಿರಿ ಅಣ್ಣಾ. ತುಂಬಾ ಥ್ಯಾಂಕ್ಸ್. ಈಗ ಅವನು ಪ್ಲಸ್ ಗುರುತು ನೋಡದೆ ಬ್ಯಾಟರಿ ಸಿಕ್ಕಿಸುವುದೇ ಇಲ್ಲ.